ಹೋಮರನ ವೀರರಲ್ಲಿ ನುಡಿಯೂ ಕೃತಿಯೂ

ಪುರಾತನ ಗ್ರೀಕರು ವೀರನೆಂದು ಕೊಂಡಾಡಿದುದು ಬರಿಯ ಬಾಹುಬಲವುಳ್ಳವನನ್ನಲ್ಲ. ಕ್ರಿ. ಪೂ. 8ನೆಯ ಶತಮಾನದ ಸುಮಾರಿಗೆ ರೂಪುಗೊಂಡಿತೆಂದು ಬಹುಮಂದಿ ವಿದ್ವಾಂಸರು ಭಾವಿಸುವ ಹೋಮರನ ‘ಇಲಿಯಡ್’ ಮಹಾಕಾವ್ಯದ 24 ಕಾಂಡಗಳಲ್ಲಿ ರಣರಂಗಕ್ಕಿರುವ ಪ್ರಾಧಾನ್ಯವು ಮಂತ್ರಾಲೋಚನೆಯ ಸಭೆಗೂ ಉಂಟು. ಕಾವ್ಯದ ಹೆಚ್ಚುಕಡಿಮೆ ಅರ್ಧಭಾಗವು ಪಾತ್ರಗಳ ಮಾತೇ ಆಗಿದೆ. ಪೀಲಿಯಸ್ ರಾಜನು ತನ್ನ ಮಗನಾದ ಅಖಿಲೀಸನನ್ನು ಯುದ್ಧಕ್ಕೆ ಕಳುಹಿಸುವಾಗ ಫೀನಿಕ್ಸನೆಂಬ ಹಿರಿಯನನ್ನು ಜೊತೆಗೂಡಿಸಿದುದು, ಮಗನು ಸಭೆಯಲ್ಲಿ ವಾಗ್ಮಿಯೂ ರಣದಲ್ಲಿ ಕಾರ್ಯಶೂರನೂ ಆಗಲೆಂಬ ಉದ್ದೇಶದಿಂದಲೇ. ಈ ಎರಡು ಶಕ್ತಿಗಳು ಬೇರೆಯಾದರೆ ಒದಗುವ ವಿಪತ್ತೇ ಆ ಕಾವ್ಯದ ಕಥೆಯೆನ್ನಬಹುದು.

ಟ್ರಾಯ್ ಪಟ್ಟಣದ ಮುತ್ತಿಗೆಯ 10ನೆಯ ವರ್ಷದಲ್ಲಿ ಸೇನಾಧಿಪತಿಯಾದ ಅಗಮೆಮ್ನಾನನು, ಅಖಿಲೀಸನಿಗೆ ಪರಾಕ್ರಮದ ಮನ್ನಣೆಯಾಗಿ ಸಂದಿದ್ದ ಸೆರೆಯ ಹೆಣ್ಣನ್ನು ಕಿತ್ತುಕೊಂಡನು. ಅವಮಾನಿತನಾದ ಅಖಿಲೀಸನು ಯುದ್ಧವನ್ನು ತೊರೆದು ಬಿಡಾರದಲ್ಲಿ ಕುಳಿತನು, ಗ್ರೀಕರು ಸೋಲತೊಡಗಿದರು. ಆಗ ಒಡಿಸ್ಯೂಸ್, ಫೀನಿಕ್ಸ್, ಏಜಾಕ್ಸ್ ಎಂಬ ಮೂವರು ರಾಯಭಾರಿಗಳಾಗಿ ಅವನೆಡೆಗೆ ಬಂದ ಸಂದರ್ಭವು 9ನೆಯ ಕಾಂಡದಲ್ಲಿ ವರ್ಣಿತವಾಗಿದೆ.

ಒಡಿಸ್ಯೂಸನು ವಾಕ್ಚತುರರಲ್ಲಿ ಅಗ್ರಗಣ್ಯನು. ಅಗಮೆಮ್ನಾನನು ಕೊಡಲೊಪ್ಪಿದ 10 ತಲಾಂತು ಹೊನ್ನು, 20 ಕೊಪ್ಪರಿಗೆಗಳು, 12 ಕುದುರೆಗಳು, 7 ಪಟ್ಟಣಗಳು ಮೊದಲಾದುವನ್ನೆಲ್ಲ ಒಂದೊಂದಾಗಿ ಎಣಿಸಿ ಹೇಳಿದನು. ಆದರೆ ಅಖಿಲೀಸನು ತನಗೆ ತಲೆಬಾಗಬೇಕೆಂದು ಆ ದೊರೆಯು ಆಡಿದ್ದ ಕಡೆಯ ಮಾತನ್ನು ಮಾತ್ರ ಜಾಣ್ಮೆಯಿಂದ ಮರೆಸಿದನು. ಎದೆಯಲ್ಲೊಂದನ್ನಿಟ್ಟು ಬಾಯಲ್ಲೊಂದನ್ನಾಡುವವನು ತನಗೆ ಹೇಯನೆಂದು ಅಖಿಲೀಸನು ಉತ್ತರವಿತ್ತು, ಮರುದಿನವೇ ಸ್ವದೇಶಕ್ಕೆ ಹೊರಡುವೆನೆಂದನು. ಫೀನಿಕ್ಸನು ಕಣ್ಣೀರಿನಿಂದ ಬೇಡಿದಾಗ ಆ ನಿಶ್ಚಯವು ಸಡಿಲಿತು. ಮಾತುಬಲ್ಲವನೆಂದು ಹೆಸರಾಗದ ಏಜಾಕ್ಸನು ಗೆಳೆಯರ ಪ್ರೀತಿಯನ್ನು ಮರೆತೆಯಾ ಎಂದು ನಾಲ್ಕೇ ಮಾತುಗಳಲ್ಲಿ ಗದರಿಸಿದಾಗ, ಹೆಕ್ಟರನು ತನ್ನ ಹಡಗುಗಳ ಬಳಿಗೆ ಬಂದರೆ ಎದುರಿಸುವೆನೆಂಬಷ್ಟಕ್ಕೆ ಅವನು ಇಳಿದನು. ಬಣ್ಣದ ಮಾತಿಗಿಂತ ಮನದ ಮಾತೇ ಹೆಚ್ಚು ನಾಟಿತು.

ಆದರೂ ಕೋಪವು ಉಳಿದೇ ಉಳಿಯಿತು. ಅದರ ಫಲವಾಗಿ ಪ್ರಾಣಮಿತ್ರನಾದ ಪೆಟ್ರೋಕ್ಲಸನು ಹೆಕ್ಟರನ ಕೈಯಲ್ಲಿ ಮಡಿದನು. ಯುದ್ಧದಲ್ಲಿ ತನಗೆ ಸಮಾನರಿಲ್ಲದಿದ್ದರೂ ಆಲೋಚನೆಯಲ್ಲಿ ತನಗಿಂತ ಮೇಲಾದವರುಂಟೆಂದು ಅಖಿಲೀಸನು ಆಗ ಒಪ್ಪಿಕೊಂಡನು. ಅನಂತರ ಹೆಕ್ಟರನನ್ನು ಕೊಂದು, ಶವವನ್ನು ರಥಕ್ಕೆ ಕಟ್ಟಿ ಎಳೆದನು. ವಿವೇಕವನ್ನಗಲಿದ ಶೌರ್ಯವು ಕ್ರೌರ್ಯವಾಯಿತು.

ಕೊನೆಯ ಕಾಂಡದಲ್ಲಿ ಹೆಕ್ಟರನ ತಂದೆ, ವೃದ್ಧನಾದ ಪ್ರಿಯಮ ರಾಜನು, ರಾತ್ರಿಯಲ್ಲಿ ಶತ್ರುವಿನ ಪಾಳೆಯವನ್ನು ಹೊಕ್ಕು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆಯೆಂದು ಬೇಡಿದನು. ಶವವನ್ನೊಪ್ಪಿಸಬೇಕೆಂದು ದೇವತೆಗಳ ಆಜ್ಞೆಯು ಮೊದಲೇ ಬಂದಿದ್ದಿತು; ಈಡಾಗಿ ತಂದ ಧನವೂ ಇದ್ದಿತು. ಆದರೆ ಅಖಿಲೀಸನ ಕಣ್ಣಲ್ಲಿ ನೀರು ತರಿಸಿದುದು ಆ ಮುದುಕನ ಮಾತೇ. ಅವನು ಶವವನ್ನು ಕೊಟ್ಟುದಲ್ಲದೆ ಅಂತ್ಯಕ್ರಿಯೆಗಾಗಿ 11 ದಿನ ಯುದ್ಧವನ್ನು ತಡೆಯಲು ಒಪ್ಪಿದನು.

ಅಗಮೆಮ್ನಾನನು ತಾನು ಬಾರದೆ ಮಾತನ್ನು ಕಳುಹಿದನು. ಪ್ರಿಯಮನು ಪ್ರಾಣದಾಸೆಯನ್ನು ತೊರೆದು ತಾನೇ ಬಂದನು. ಅವನ ನುಡಿಯ ಹಿಂದೆ ನಡೆಯಿದ್ದಿತು, ನಡೆಯೊಳಗೆ ನುಡಿಯಿದ್ದಿತು. ಪೀಲಿಯಸನು ಮಗನಿಗೆ ಬಯಸಿದ್ದ ಆ ಎರಡು ಗುಣಗಳೂ ಕಟ್ಟಕಡೆಗೆ ಒಂದುಗೂಡಿ ಕಾಣಿಸಿದುದು ಶತ್ರುಪಕ್ಷದ ಒಬ್ಬ ನಿರಾಯುಧನಾದ ವೃದ್ಧನಲ್ಲಿ.