ಮೌಂಟನ್ ಬೈಕ್: ನಂದಗುಡಿ ಸೀಮೆಯ ನೆಲಕ್ಕೆ ತಕ್ಕ ಆಯ್ಕೆ ಮತ್ತು ಹೊಂದಾಣಿಕೆ

ಮೌಂಟನ್ ಬೈಕ್ ಎಂಬುದು ಡಾಂಬರು ರಸ್ತೆಯನ್ನು ತೊರೆದು ಗುಡ್ಡ, ಗರಸು, ಹುಟ್ಟುಬಂಡೆ, ಕಾಲುದಾರಿಗಳಲ್ಲಿ ಸಂಚರಿಸುವ ಉದ್ದೇಶದಿಂದಲೇ ರೂಪುಗೊಂಡ ಬೈಸಿಕಲ್ಲು. ಗುಬಟುಗಳೆದ್ದ ಅಗಲವಾದ ಟೈರು, ನೀಳವಾದ ನೇರ ಹ್ಯಾಂಡಲು, ಪ್ರಬಲವಾದ ಬ್ರೇಕು, ಕಡಿದಾದ ಏರಿಗೂ ಒದಗುವ ಗೇರು, ಬಹುಮಟ್ಟಿಗೆ ಮುಂದಿನ ಫೋರ್ಕಿನಲ್ಲೊಂದು ಶಾಕ್ ಇವು ಅದರ ಲಕ್ಷಣಗಳು. ಜನರ ಮಾತಿನಲ್ಲಿ ಇದು ಎಂಟಿಬಿ. ಈ ವಾಹನದ ಗುಣಾವಗುಣಗಳನ್ನು ಬೆಲೆಯ ಚೀಟಿಯಿಂದ ನಿರ್ಣಯಿಸುವ ರೂಢಿ ಹೆಚ್ಚಾಗಿದ್ದರೂ, ಸವಾರನ ಮೈಯಳತೆಗೂ ಅವನು ತುಳಿಯುವ ನೆಲಕ್ಕೂ ಹೊಂದಿಸಿಕೊಂಡ ಸಾಧಾರಣ ಸೈಕಲ್ಲು, ಹೊಂದಿಸದೆ ಬಿಟ್ಟ ದುಬಾರಿ ಸೈಕಲ್ಲಿಗಿಂತ ಮೇಲೆಂಬುದು ಅನುಭವಸಿದ್ಧವಾದ ಸಂಗತಿ.

ಬೆಂಗಳೂರಿನ ಬಳಿಯ ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಂದಗುಡಿಯ ಸುತ್ತಣ ಪ್ರದೇಶವು ಈ ವಿಚಾರವನ್ನು ಪರಿಶೀಲಿಸುವುದಕ್ಕೆ ತಕ್ಕ ಕ್ಷೇತ್ರ. ರಾಗಿ ಹೊಲಗಳ ಕೆಂಪು ಮಣ್ಣು, ಅದರ ನಡುನಡುವೆ ನೆಲದಿಂದೆದ್ದ ಕಗ್ಗಲ್ಲ ಬಂಡೆ, ಸಣ್ಣ ಗರಸಿನ ಬೋರೆ, ಕೆರೆಯಂಗಳದ ಜಿಗುಟು ಮಣ್ಣು, ನೀಲಗಿರಿ ತೋಪುಗಳೊಳಗಿನ ಎತ್ತಿನ ಗಾಡಿಯ ಜಾಡು ಇವೆಲ್ಲ ಒಂದು ಮುಂಜಾನೆಯ ಸವಾರಿಯಲ್ಲಿಯೇ ಸಿಕ್ಕುತ್ತವೆ. ವಾಯವ್ಯಕ್ಕೆ 1,478 ಮೀಟರು ಎತ್ತರದ ನಂದಿಬೆಟ್ಟ, ಉತ್ತರಕ್ಕೆ ಕೈವಾರದ ಬಂಡೆಬೆಟ್ಟ. ತೋಪುಗಳಲ್ಲಿ ನೆಲ ಗಟ್ಟಿಯಾಗಿದ್ದರೂ ಅದರ ಮೇಲೆ ಒಣಗಿದ ನೀಲಗಿರಿ ಎಲೆಯೂ ಉದುರಿದ ಗಟ್ಟಿ ಕಾಯಿಯೂ ಪದರಗಟ್ಟಿರುವುದರಿಂದ, ತಿರುವಿನಲ್ಲಿ ಮುಂಚಕ್ರವು ಎಚ್ಚರಿಕೆ ಕೊಡದೆ ಜಾರುತ್ತದೆ. ಮರ ಕಡಿದ ಜಾಗದಲ್ಲಿ ಗೇಣುದ್ದದ ಮೋಟು ಬೊಡ್ಡೆಗಳು ಉಳಿದಿದ್ದು ಪೆಡಲಿಗೆ ತಗಲುವುದೂ ಉಂಟು. ಇವೆಲ್ಲಕ್ಕಿಂತ ಮಿಗಿಲಾದ ಶತ್ರುವೆಂದರೆ ಬದುಗಳ ಮೇಲಿನ ಜಾಲಿಯ ಮುಳ್ಳು.

ಮೌಂಟನ್ ಬೈಕಿನ ಜನ್ಮಭೂಮಿ ಅಮೆರಿಕದ ಕ್ಯಾಲಿಫೋರ್ನಿಯ. ಅಲ್ಲಿನ ಮರಿನ್ ಕೌಂಟಿಯ ತರುಣರು 1970ರ ದಶಕದಲ್ಲಿ, ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ರಭಸದಿಂದ ಇಳಿಯುತ್ತಿದ್ದರು. ಇಳಿದ ಮೇಲೆ ಹಿಂದಿನ ಹಬ್ಬಿನ ಬ್ರೇಕಿನೊಳಗಣ ಗ್ರೀಸು ಉರಿದುಹೋಗಿ, ಮರುಸವಾರಿಗೆ ಮುನ್ನ ಹೊಸದಾಗಿ ತುಂಬಬೇಕಾಗುತ್ತಿತ್ತು. ಇಂತಹ ಸವಾರಿಗಾಗಿಯೇ 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಜ್ ಹೊಸ ಚೌಕಟ್ಟನ್ನು ನಿರ್ಮಿಸಿದನು. 1989ರಲ್ಲಿ ರಾಕ್‌ಶಾಕ್ಸ್ ಸಂಸ್ಥೆಯ ಶಾಕ್ ಫೋರ್ಕು ಮಾರುಕಟ್ಟೆಗೆ ಬಂದಿತು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಕರ್ನಾಟಕದಲ್ಲಿ ಗದಗಿನ ಬಳಿಯ ಗುಡ್ಡಗಳಲ್ಲಿ 2021ರಲ್ಲಿ ರಾಷ್ಟ್ರೀಯ ಸ್ಪರ್ಧೆಯು ಜರುಗಿತು.

ಆಯ್ಕೆಯಲ್ಲಿ ಪ್ರಥಮ ವಿಚಾರ ಚೌಕಟ್ಟಿನ ಅಳತೆ. ನೆಲದ ಮೇಲೆ ಎರಡು ಪಾದಗಳನ್ನೂ ಊರಿ ಚೌಕಟ್ಟಿನ ಮೇಲಡ್ಡದ ಕೊಳವೆಯನ್ನು ಕಾಲುಗಳ ನಡುವಿಟ್ಟು ನಿಂತಾಗ, ಮೈಗೂ ಕೊಳವೆಗೂ ನಡುವೆ ಕನಿಷ್ಠ 5 ಸೆಂಟಿಮೀಟರು ತೆರಪಿರತಕ್ಕದ್ದು. ಬಂಡೆಯ ಮೇಲೆ ಥಟ್ಟನೆ ಕಾಲೂರಬೇಕಾದಾಗ ಈ ತೆರಪಿನ ಬೆಲೆ ತಿಳಿಯುತ್ತದೆ. ‘ಇನ್ನೂ ಬೆಳೆಯುವ ಹುಡುಗ, ದೊಡ್ಡದೇ ಇರಲಿ’ ಎಂದು ಅಂಗಿ ಹೊಲಿಸುವ ಲೆಕ್ಕದಲ್ಲಿ ಸೈಕಲ್ಲು ಕೊಳ್ಳುವ ತಂದೆತಾಯಿಗಳ ಪದ್ಧತಿಯು ಡಾಂಬರಿನ ಮೇಲೆ ಹೇಗೋ ನಡೆದೀತು, ಗುಡ್ಡದಲ್ಲಿ ನಡೆಯದು. ಚಕ್ರಗಳು 26, 27.5, 29 ಇಂಚು ಎಂಬ ಮೂರು ಅಳತೆಗಳಲ್ಲಿ ದೊರೆಯುತ್ತವೆ. ದೊಡ್ಡ ಚಕ್ರವು ಕಲ್ಲಿನ ಮೇಲೆ ಸುಲಭವಾಗಿ ಉರುಳುವುದಾದರೆ ಚಿಕ್ಕದು ಇಕ್ಕಟ್ಟಿನ ತಿರುವಿಗೆ ಬೇಗ ಒಲಿಯುತ್ತದೆ. ಎತ್ತರದ ಆಳಿಗೆ, ನಂದಗುಡಿಯ ಕಲ್ಲುಬೋರೆಗೆ, 29 ಇಂಚಿನದೇ ಲೇಸು.

ಟೈರಿನ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಸೈಕಲ್ಲು ನೆಲವನ್ನು ಮುಟ್ಟುವುದು ಅಲ್ಲಿ ಮಾತ್ರ. ಮತ್ತು ಅತ್ಯಲ್ಪ ವೆಚ್ಚದಲ್ಲಿ ಅತ್ಯಧಿಕ ಫಲ ದೊರಕುವುದೂ ಅಲ್ಲಿಯೇ. ಟೈರಿನ ಪಕ್ಕೆಯಲ್ಲಿ 57-622 ಎಂಬಂತಹ ಅಂಕಿಗಳು ಅಚ್ಚಾಗಿರುತ್ತವೆ: ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 622 ಎಂದರೆ 29 ಇಂಚಿನ ಚಕ್ರ, 584 ಎಂದರೆ 27.5, 559 ಎಂದರೆ 26. ಅಂಗಡಿಯವನ ಬಾಯಿಮಾತಿಗಿಂತ ಈ ಅಂಕಿಯನ್ನು ನಂಬುವುದು ಕ್ಷೇಮಕರ. ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿರುವ ಈ ಸೀಮೆಗೆ 2.2ರಿಂದ 2.4 ಇಂಚಿನ ಅಗಲವಿದ್ದು, ನಡುವಣ ಗುಬಟುಗಳು ಗಿಡ್ಡವಾಗಿ ಒತ್ತಾಗಿಯೂ ಅಂಚಿನವು ಎತ್ತರವಾಗಿಯೂ ಇರುವ ಟೈರು ಒಪ್ಪುತ್ತದೆ. ಮಳೆಗಾಲದ ಕೆರೆಯಂಗಳಕ್ಕೆ ಮಾತ್ರ ಇದು ಸಲ್ಲದು. ಆ ಮಣ್ಣು ಗುಬಟುಗಳ ಸಂದಿನಲ್ಲಿ ಮೆತ್ತಿಕೊಂಡು ಚಕ್ರವೇ ಫೋರ್ಕಿನಲ್ಲಿ ಸಿಕ್ಕಿಬೀಳುವುದರಿಂದ, ಆ ದಿನಗಳಲ್ಲಿ ಕೆರೆಯ ಏರಿಯ ಮೇಲಿನ ದಾರಿಯನ್ನು ಹಿಡಿಯುವುದೇ ಜಾಣತನ.

ಗಾಳಿಯ ಒತ್ತಡದಲ್ಲಿ ಬಹುಜನರು ಎಡವುತ್ತಾರೆ. ಪಂಕ್ಚರ್ ಅಂಗಡಿಗಳಲ್ಲಿ ಟೈರನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಕಲ್ಲಿನಂತಾಗುವವರೆಗೆ ಗಾಳಿ ಹೊಡೆಯುವ ಪದ್ಧತಿಯಿದೆ. ಅದು ಹಾಲಿನ ಕ್ಯಾನು ಹೊತ್ತು ಡಾಂಬರಿನಲ್ಲಿ ಓಡುವ ಸೈಕಲ್ಲಿಗೆ ಉಚಿತವೇ. ಬಂಡೆಯ ಮೇಲಾದರೋ ಅಂತಹ ಟೈರು ಪುಟಿಪುಟಿದು ಹಿಡಿತ ಕಳೆದುಕೊಳ್ಳುತ್ತದೆ. 65–70 ಕಿಲೋ ತೂಕದ ಸವಾರನು ಟ್ಯೂಬುಳ್ಳ 2.25 ಇಂಚಿನ ಟೈರಿಗೆ ಮುಂದೆ 28, ಹಿಂದೆ 32 ಪಿಎಸ್‌ಐ ಒತ್ತಡದಿಂದ ಆರಂಭಿಸಿ, ಎರಡೆರಡೇ ಪಿಎಸ್‌ಐ ಏರಿಸಿ ಇಳಿಸಿ ನೋಡಬಹುದು. ಒತ್ತಡ ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಜಜ್ಜಿ, ಹಾವು ಕಚ್ಚಿದ ಗುರುತಿನಂತೆ ಜೋಡಿ ತೂತು ಬೀಳುತ್ತದೆ. ಮುಳ್ಳಿನ ತೂತಾದರೆ ಒಂದೇ. ತೂತನ್ನು ನೋಡಿಯೇ ತಪ್ಪು ಗಾಳಿಯದೋ ದಾರಿಯದೋ ಎಂದು ನಿರ್ಣಯಿಸಬಹುದು. ಮುಳ್ಳು ಚುಚ್ಚಿದಾಗ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ನೋಡಿ, ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದರಷ್ಟೇ ಸಾಲದು: ಟೈರಿನ ಒಳಮೈಯನ್ನು ಹಳೆಯ ಬಟ್ಟೆಯ ಚೂರಿನಿಂದ ಸುತ್ತಲೂ ಸವರತಕ್ಕದ್ದು. ರಬ್ಬರಿನೊಳಗೆ ಮುರಿದು ಉಳಿದ ಜಾಲಿಮುಳ್ಳಿನ ತುದಿ ಬಟ್ಟೆಯ ನೂಲನ್ನು ಹಿಡಿದೆಳೆಯುತ್ತದೆ. ಅದನ್ನು ಕೀಳದಿದ್ದರೆ ಮನೆ ಸೇರುವಷ್ಟರಲ್ಲಿ ಎರಡನೆಯ ಪಂಕ್ಚರ್ ನಿಶ್ಚಿತ.

ಈ ಕಾಟಕ್ಕೆ ಉತ್ತಮ ಪರಿಹಾರ ಟ್ಯೂಬ್‌ಲೆಸ್ ವ್ಯವಸ್ಥೆ. ಇದರಲ್ಲಿ ಟೈರಿನೊಳಗೆ ಹಾಲಿನ ಬಣ್ಣದ ಲೇಟೆಕ್ಸ್ ದ್ರವವನ್ನು ಚಕ್ರವೊಂದಕ್ಕೆ ಸುಮಾರು 100 ಮಿಲಿಲೀಟರಿನಂತೆ ತುಂಬುತ್ತಾರೆ. ಮುಳ್ಳು ಮಾಡಿದ ಸಣ್ಣ ತೂತು ತಾನೇ ಮುಚ್ಚಿಹೋಗುತ್ತದೆ. ಟ್ಯೂಬು ಜಜ್ಜುವ ಭಯವಿಲ್ಲದಿರುವುದರಿಂದ ಒತ್ತಡವನ್ನು ಇನ್ನೂ ನಾಲ್ಕಾರು ಪಿಎಸ್‌ಐ ಇಳಿಸಬಹುದು. ರಿಮ್ಮೂ ಟೈರೂ ಅದಕ್ಕೆ ತಕ್ಕವಾಗಿರಬೇಕು. ನಮ್ಮ ಬೇಸಗೆಯಲ್ಲಿ ದ್ರವವು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ತುಂಬತಕ್ಕದ್ದು.

ಸೀಟಿನ ಎತ್ತರವನ್ನು ನಿಶ್ಚಯಿಸಲು ಸುಲಭೋಪಾಯವೊಂದಿದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲು ತಳಕ್ಕೆ ಬಂದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಕ್ಕಷ್ಟು ಬಾಗಿರುತ್ತದೆ. ತಗ್ಗಿದ ಸೀಟಿನಲ್ಲಿ ಏರು ತುಳಿದು ಮೊಣಕಾಲು ನೋಯಿಸಿಕೊಂಡವರು ದೋಷವನ್ನು ಗೇರಿನ ಮೇಲೆ ಹೊರಿಸುವುದುಂಟು. ಇಳಿಜಾರಿನಲ್ಲಾದರೆ ಸೀಟು ತಗ್ಗಿರಬೇಕು: ಮೈಯನ್ನು ಹಿಂದಕ್ಕೂ ಕೆಳಕ್ಕೂ ಸರಿಸಲು ಆಗ ಎಡೆಯಾಗುತ್ತದೆ. ಹ್ಯಾಂಡಲಿನ ಗುಂಡಿಯೊತ್ತಿ ಸೀಟನ್ನು ಏರಿಸಿ ಇಳಿಸುವ ಡ್ರಾಪರ್ ಪೋಸ್ಟು ಈ ಎರಡು ಅವಶ್ಯಕತೆಗಳನ್ನೂ ಪೂರೈಸುವುದು. ಬ್ರೇಕಿನ ಹಿಡಿಯನ್ನು ತೋರುಬೆರಳೊಂದರಿಂದಲೇ ಎಳೆಯುವಂತೆ, ಮಣಿಕಟ್ಟು ಮುರಿಯದೆ ತೋಳಿನ ನೇರದಲ್ಲಿರುವಂತೆ ತಿರುಗಿಸಿ ಬಿಗಿಯಬೇಕು.

ಶಾಕ್ ಇರುವ ಫೋರ್ಕನ್ನು ಸವಾರನ ತೂಕಕ್ಕೆ ಹೊಂದಿಸದಿದ್ದರೆ ಅದೊಂದು ಭಾರವೇ ಸರಿ. ಗಾಳಿಯಿಂದ ಕೆಲಸ ಮಾಡುವ ಫೋರ್ಕಾದರೆ, ಅದರ ನುಣುಪು ಕೊಳವೆಯ ಮೇಲಿನ ರಬ್ಬರು ಬಳೆಯನ್ನು ಕೆಳಕ್ಕೆ ಸರಿಸಿ, ನೀರಿನ ಬಾಟಲಿ ಚೀಲಗಳ ಸಮೇತ ಪೆಡಲುಗಳ ಮೇಲೆ ನಿಂತು, ಮೆಲ್ಲನೆ ಇಳಿದು ನೋಡತಕ್ಕದ್ದು: 100 ಮಿಲಿಮೀಟರು ಕುಸಿಯಬಲ್ಲ ಫೋರ್ಕಿನಲ್ಲಿ ಬಳೆಯು 15ರಿಂದ 20 ಮಿಲಿಮೀಟರು ಮೇಲೇರಿದ್ದರೆ ಗಾಳಿ ಸರಿಯಾಗಿದೆ. ಅತ್ಯಗ್ಗದ ಸೈಕಲ್ಲುಗಳಲ್ಲಿ ಮುಂದೆಯೂ ಹಿಂದೆಯೂ ಸ್ಪ್ರಿಂಗು ತೊಡಿಸಿ ಮಾರುವುದು ಕಣ್ಣಿಗೆ ಹಬ್ಬವೇ ಹೊರತು ಸವಾರಿಗೆ ಪ್ರಯೋಜನವಿಲ್ಲ. ತುಳಿದ ಬಲದಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ನುಂಗುತ್ತದೆ. ಅಷ್ಟೇ ಹಣಕ್ಕೆ ಶಾಕ್ ಇಲ್ಲದ ಗಟ್ಟಿ ಫೋರ್ಕಿನ ಸೈಕಲ್ಲನ್ನೂ ಒಳ್ಳೆಯ ಟೈರನ್ನೂ ಕೊಳ್ಳುವುದು ಉಚಿತ.

ಬ್ರೇಕುಗಳಲ್ಲಿ ಡಿಸ್ಕ್ ಬ್ರೇಕು ಶ್ರೇಷ್ಠ. ಹೊಸ ಪ್ಯಾಡುಗಳು ಪೂರ್ಣ ಬಲ ತೋರಬೇಕಾದರೆ, ವೇಗವಾಗಿ ಹೋಗಿ ಪೂರ್ತಿ ನಿಲ್ಲದಂತೆ ಹಿಡಿದು ಬಿಡುವ ಕ್ರಮವನ್ನು ಇಪ್ಪತ್ತು ಮೂವತ್ತು ಸಲ ನಡೆಸಬೇಕು. ಡಿಸ್ಕಿಗೆ ಎಣ್ಣೆ ಸೋಕಿದರೆ ಬ್ರೇಕು ಕೆಟ್ಟಿತೆಂದೇ ತಿಳಿಯಬೇಕು. ಗೇರುಗಳಲ್ಲಿ ಈಚೆಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು ಎಂಬ ಕ್ರಮ ಪ್ರಚುರವಾಗಿದೆ: ಮುಂದೆ 32 ಹಲ್ಲು, ಹಿಂದೆ 51 ಇದ್ದರೆ ಪೆಡಲಿನ ಒಂದು ಸುತ್ತಿಗೆ 29 ಇಂಚಿನ ಸೈಕಲ್ಲು ಸುಮಾರು ಒಂದೂವರೆ ಮೀಟರು ಮಾತ್ರ ಸಾಗುತ್ತದೆ. ಕಡಿದಾದ ಏರಿಗೆ ಅಷ್ಟು ಹಗುರ ಬೇಕು.

ಚೈನಿಗೆ ಹಳೆಯ ಎಂಜಿನ್ ಆಯಿಲ್ ಸುರಿಯುವ ರೂಢಿಯನ್ನು ಕೆಂಪು ಮಣ್ಣಿನ ಸೀಮೆಯಲ್ಲಂತೂ ಬಿಡಲೇಬೇಕು. ಎಣ್ಣೆಯೂ ಧೂಳೂ ಬೆರೆತ ಆ ಕರಿಯ ಕಿಟ್ಟವು ಚೈನನ್ನೂ ಹಲ್ಲುಗಳನ್ನೂ ಒಂದೇ ಸಮನೆ ಅರೆಯುತ್ತದೆ. ತೆಳುವಾದ ಚೈನೆಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಹೊರಗಣದನ್ನು ಒರೆಸಿ ತೆಗೆಯಬೇಕು. ಸವೆತವನ್ನು ಅಳೆಯಲು ಉಕ್ಕಿನ ಸ್ಕೇಲು ಸಾಕು: ಹೊಸ ಚೈನಿನ 24 ಕೊಂಡಿಗಳ ಉದ್ದ, ಪಿನ್ನಿನಿಂದ ಪಿನ್ನಿಗೆ, 304.8 ಮಿಲಿಮೀಟರು, ಅದು 307ರ ಹತ್ತಿರ ಬಂದರೆ ಚೈನನ್ನು ಬದಲಿಸತಕ್ಕದ್ದು, ಹನ್ನೆರಡು ಗೇರಿನದಾದರೆ ಇನ್ನೂ ಮೊದಲೇ.

ಮೀಸಲು ಅರಣ್ಯಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ಲು ಒಯ್ಯಲಾಗದು. ಬಿತ್ತಿದ ಹೊಲದ ಬದುವಿನ ಮೇಲೆ ಸೈಕಲ್ಲು ಹೊಡೆಯುವ ಮುನ್ನ ಹೊಲದೊಡೆಯನನ್ನು ಕೇಳುವುದು ಮರ್ಯಾದೆ. ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿರುವ ಮೋಟಾರು ವಾಹನ ಕಾಯಿದೆಯ ವಿಧಿಯು ತುಳಿಯುವ ಸೈಕಲ್ಲಿಗೆ ಅನ್ವಯಿಸುವುದಿಲ್ಲವಾದರೂ, ಬಂಡೆಯ ಸವಾರಿಗೆ ಹೆಲ್ಮೆಟ್ಟಿಲ್ಲದೆ ಹೊರಡಬಾರದು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಧರಿಸತಕ್ಕದ್ದಲ್ಲ.