ಹಾರ್ಡ್ ಡಿಸ್ಕಿನ ರಕ್ಷಣೆ: ಒಂದು ಐತಿಹಾಸಿಕ ನೋಟ

ಮನೆತನದ ಮದುವೆಯ ಚಿತ್ರಗಳು, ಅಗಲಿದ ಹಿರಿಯರ ಧ್ವನಿ, ಕಾಗದಪತ್ರಗಳ ಪ್ರತಿಗಳು ಇಂದು ಅಂಗೈಯಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಅಡಕವಾಗಿರುತ್ತವೆ. ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಇದನ್ನು ಚೀಲದಲ್ಲಿರಿಸಿಕೊಂಡು ಊರೂರು ಸಂಚರಿಸುತ್ತಾರೆ. ಅದು ಕೈಜಾರಿ ಬಿದ್ದರೆ ಕೆಡುವುದೇಕೆ ಎಂಬುದನ್ನು ಅರಿಯಲು ಈ ಯಂತ್ರದ ಇತಿಹಾಸವನ್ನು ತುಸು ನೋಡಬೇಕು.

1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ‘ರಾಮ್ಯಾಕ್’ ಎಂಬ ಗಣಕಯಂತ್ರವನ್ನು ಹೊರತಂದಿತು. ಅದರ ಡಿಸ್ಕನ್ನು ರೂಪಿಸಿದ ತಂಡದ ನಾಯಕ ರೆನಾಲ್ಡ್ ಜಾನ್ಸನ್ ಅವರು ಮೊದಲು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು ಎಂಬುದು ನನಗೆ ಸಂತೋಷದ ಸಂಗತಿ. ಎರಡು ಅಡಿ ವ್ಯಾಸದ 50 ತಟ್ಟೆಗಳು, ಒಂದು ಟನ್ನಿಗೂ ಮಿಗಿಲಾದ ತೂಕ. ಹಿಡಿಸುತ್ತಿದ್ದುದು ಮಾತ್ರ ಸುಮಾರು 50 ಲಕ್ಷ ಅಕ್ಷರಗಳು. ಅಕ್ಷರಗಳನ್ನು ಓದಿ ಬರೆಯುವ ‘ಹೆಡ್’ ಎಂಬ ಭಾಗವು ತಿರುಗುವ ತಟ್ಟೆಗೆ ತಾಗಬಾರದು. ಅದಕ್ಕಾಗಿ ನಡುವೆ ಒತ್ತಡದ ಗಾಳಿಯನ್ನು ಊದುತ್ತಿದ್ದರು. ಮುಂದೆ, 1960ರ ದಶಕದ ಆರಂಭದಲ್ಲಿ, ತಟ್ಟೆಯ ವೇಗದಿಂದ ಉಂಟಾಗುವ ಗಾಳಿಯ ಮೇಲೆಯೇ ಹೆಡ್ ತೇಲುವಂತಾಯಿತು.

1973ರ ‘ವಿಂಚೆಸ್ಟರ್’ ಮಾದರಿಯಲ್ಲಿ ಹೆಡ್‌ಗಳನ್ನೂ ತಟ್ಟೆಗಳನ್ನೂ ಧೂಳು ಹೋಗದಂತೆ ಒಂದೇ ಪೆಟ್ಟಿಗೆಯೊಳಗೆ ಸೇರಿಸಿದರು. 1980ರಲ್ಲಿ ಸೀಗೇಟ್ ಸಂಸ್ಥೆಯ 5 ಮೆಗಾಬೈಟಿನ ಸಣ್ಣ ಡಿಸ್ಕ್ ಬಂದಿತು. ಆ ಕಾಲದ ಕಂಪ್ಯೂಟರುಗಳನ್ನು ಬೇರೆಡೆಗೆ ಸಾಗಿಸುವ ಮೊದಲು ‘ಪಾರ್ಕ್’ ಎಂಬ ಆದೇಶ ಕೊಟ್ಟು, ಹೆಡ್‌ಗಳನ್ನು ಮಾಹಿತಿಯಿಲ್ಲದ ಜಾಗಕ್ಕೆ ಸರಿಸಬೇಕಾಗಿತ್ತು. ಆಮೇಲಿನ ಡಿಸ್ಕುಗಳು ಈ ಕೆಲಸವನ್ನು ತಾವೇ ಮಾಡಿಕೊಳ್ಳತೊಡಗಿದವು. ವಿದ್ಯುತ್ ಹೋದರೂ, ಇನ್ನೂ ತಿರುಗುತ್ತಿರುವ ತಟ್ಟೆಗಳ ಶಕ್ತಿಯಿಂದಲೇ ಹೆಡ್‌ಗಳು ಹಿಂದೆ ಸರಿಯುತ್ತವೆ. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಅವು ತಟ್ಟೆಯನ್ನು ಪೂರ್ತಿಯಾಗಿ ಬಿಟ್ಟು ಪಕ್ಕದ ಇಳಿಜಾರಿನ ಮೇಲೆ ಕೂರುತ್ತವೆ. 2003ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ, ಅಲುಗಾಟವನ್ನು ಗ್ರಹಿಸಿ ಹೆಡ್‌ಗಳನ್ನು ಸರಿಸುವ ಸಾಧನವನ್ನು ಅಳವಡಿಸಿತು.

ಇಷ್ಟೆಲ್ಲ ಪ್ರಯತ್ನದ ಸಾರ ಒಂದೇ: ಪೆಟ್ಟು ಬೀಳುವಾಗ ಹೆಡ್ ತಟ್ಟೆಯ ಮೇಲೆ ಇರಬಾರದು. ಇಂದು ಇವೆರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರುಗಳಷ್ಟು. ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು.

ತರಗತಿಯಲ್ಲಿ ಮಾಡುತ್ತಿದ್ದಂತಹ ಒಂದು ಲೆಕ್ಕವನ್ನು ನೋಡೋಣ. 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಬಿದ್ದ ವಸ್ತು ಸುಮಾರು 0.4 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಬಿದ್ದ ಎತ್ತರವನ್ನು, ನೆಲ ತಾಗಿದ ಮೇಲೆ ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ಪೆಟ್ಟು ಗುರುತ್ವದ ಎಷ್ಟು ಪಟ್ಟು ಎಂಬುದು ಸರಿಸುಮಾರಾಗಿ ದೊರೆಯುತ್ತದೆ. ಗಟ್ಟಿ ನೆಲದಲ್ಲಿ 1 ಮಿಲಿಮೀಟರಿನೊಳಗೆ ನಿಂತರೆ 750 ಪಟ್ಟು. ಮೆತ್ತನೆಯ ಹೊದಿಕೆಯಿದ್ದು 1 ಸೆಂಟಿಮೀಟರಿನಲ್ಲಿ ನಿಂತರೆ ಕೇವಲ 75 ಪಟ್ಟು. ಇಂತಹ ಅನೇಕ ಸಣ್ಣ ಡಿಸ್ಕುಗಳು ನಿಂತಿರುವಾಗ ಸುಮಾರು 1000 ಪಟ್ಟನ್ನು ತಾಳಿಕೊಳ್ಳಬಲ್ಲವು. ತಿರುಗುತ್ತಿರುವಾಗ 300–400 ಪಟ್ಟನ್ನು ಮಾತ್ರ.

ಆದುದರಿಂದ ‘ಇಜೆಕ್ಟ್’ ಆದೇಶ ಕೊಟ್ಟು, ತಂತಿ ಬಿಚ್ಚಿ, ತಿರುಗುವ ಸದ್ದು ಪೂರ್ಣವಾಗಿ ನಿಂತ ಮೇಲೆಯೇ ಡಿಸ್ಕನ್ನು ಎತ್ತಿರಿ. ಕೆಲಸ ಮಾಡುವಾಗ ಅದನ್ನು ಮೇಜಿನ ಅಂಚಿನಿಂದ ದೂರ, ಸಮತಟ್ಟಾಗಿ ಮಲಗಿಸಿರಿ. ಓಡಾಡುವವರ ಕಾಲಿಗೆ ತೊಡರುವಂತೆ ತಂತಿಯನ್ನು ಇಳಿಬಿಡಬೇಡಿರಿ. ಪ್ರಯಾಣದಲ್ಲಿ ಮೆತ್ತೆಯುಳ್ಳ ಚೀಲ ಬಳಸಿರಿ. ಬಿದ್ದ ಡಿಸ್ಕಿನಿಂದ ಟಕ್‌ಟಕ್ ಎಂಬ ಸದ್ದು ಬಂದರೆ ಮತ್ತೆ ಮತ್ತೆ ಚಾಲನೆ ಮಾಡಿ ನೋಡಬೇಡಿರಿ. ಒಳಗೆ ಗೀರು ಬಿದ್ದಿದ್ದರೆ ಪ್ರತಿ ಸುತ್ತಿಗೂ ಅದು ಹೆಚ್ಚುತ್ತದೆ.

ಆದರೂ ಇವೆಲ್ಲವೂ ಅರ್ಧ ರಕ್ಷಣೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬೀಳುವುದಕ್ಕೆ ಅಷ್ಟು ಅಂಜಬೇಕಾಗಿಲ್ಲ; ಆದರೆ ಅದೂ ಒಂದು ದಿನ ಕೆಡಬಹುದು, ಕಳೆದುಹೋಗಬಹುದು. ನಮ್ಮ ಹಿರಿಯರು ಓಲೆಗರಿಯ ಕಟ್ಟುಗಳನ್ನು ಮರದ ಹಲಗೆಗಳ ನಡುವೆ ಕಟ್ಟಿ, ಬಟ್ಟೆ ಸುತ್ತಿ ಕಾಪಾಡಿದರು. ಗರಿ ಜೀರ್ಣವಾಗುವ ಮೊದಲು ಹೊಸ ಗರಿಗೆ ಪ್ರತಿ ಮಾಡಿದರು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳನ್ನು ದಾಟಿ ಬಂದದ್ದು ಹೀಗೆ ಪ್ರತಿಯಿಂದ ಪ್ರತಿಗೆ. ಪ್ರತಿ ಮಾಡಿದವರ ಹೆಸರು ನಮಗೆ ತಿಳಿಯದು. ಅವರ ಶ್ರಮದಿಂದಲೇ ಗ್ರಂಥ ಉಳಿಯಿತು.

ನೀವೂ ನಿಮ್ಮ ಡಿಸ್ಕಿನಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ಪ್ರತಿ ಮಾಡಿ, ಬೇರೆ ಊರಿನ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರಿಸಿರಿ. ವರ್ಷಕ್ಕೊಮ್ಮೆಯಾದರೂ ಅದನ್ನು ತೆರೆದು, ಚಿತ್ರಗಳು ಸರಿಯಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಿರಿ.