ಮಾಯೆಯ ಪತ್ತೆ: ತಾಳಮದ್ದಳೆಯಿಂದ ದಾಳದ ಆಟದವರೆಗೆ

ದಮಯಂತಿಯ ಸ್ವಯಂವರಕ್ಕೆ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪ ತಾಳಿ ಬಂದು ಕೂತರು. ಕಂಗೆಟ್ಟ ದಮಯಂತಿ ಆ ದೇವತೆಗಳಿಗೇ ಮೊರೆಯಿಟ್ಟಾಗ ಕುರುಹುಗಳು ಕಂಡವು. ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಮಿಟುಕುವುದಿಲ್ಲ, ಮಾಲೆ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಧೂಳು ಮೆತ್ತಿಕೊಂಡು, ಬೆವರಿ, ನೆರಳು ಚೆಲ್ಲಿ ನಿಂತವನೇ ನಳ. ಮಾಯೆಯನ್ನು ಗುರುತಿಸುವ ನಿಯಮಗಳು ಮಹಾಭಾರತದ ವನಪರ್ವದಲ್ಲೇ ಇಷ್ಟು ಖಚಿತವಾಗಿವೆ.

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ಇಂಥ ಸಂದರ್ಭ ಹೊಸದಲ್ಲ. ಪಾರ್ತಿಸುಬ್ಬನ ಪಂಚವಟಿ ಯಕ್ಷಗಾನ ಪ್ರಸಂಗದಲ್ಲಿ ಘೋರ ಶೂರ್ಪನಖಿ ಬಣ್ಣದ ವೇಷವಾಗಿ ಅಬ್ಬರಿಸಿ ಬರುತ್ತಾಳೆ. ಮಾಯಾ ಶೂರ್ಪನಖಿಯಾದಾಗ ರಂಗಸ್ಥಳದಲ್ಲಿ ಸ್ತ್ರೀವೇಷ. ನೋಡುವವರಿಗೆಲ್ಲ ಗುಟ್ಟು ಗೊತ್ತು, ರಾಮನಿಗೆ ಮಾತ್ರ ಗೊತ್ತಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತು ತಾಳಮದ್ದಳೆ ಶುರುವಾದರೆ ಕೆಲಸ ಇನ್ನೂ ಸೂಕ್ಷ್ಮ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಅರ್ಥಧಾರಿಗಳ ಮಾತು, ಅಷ್ಟೇ. ರಾಮನ ಅರ್ಥ ಹೇಳುವವರಿಗೆ ಇಡೀ ಪ್ರಸಂಗ ಬಾಯಿಪಾಠ, ಆದರೆ ರಾಮನಿಗೆ ಅದು ತಿಳಿದಿರಬಾರದು. ಈ ಕಾಡಿಗೆ ಒಬ್ಬಳೇ ಹೇಗೆ ಬಂದೆ, ನಿನ್ನವರು ಯಾರು ಎಂದು ಕೇಳುತ್ತ ಕೇಳುತ್ತ ಅವಳ ಮಾತಿನಲ್ಲೇ ಬಿರುಕು ಹುಡುಕಬೇಕು. ಮೊದಲ ಮಾತಿಗೇ ರಕ್ಕಸಿ ಎಂದುಬಿಟ್ಟರೆ ಸಂವಾದವೇ ಉಳಿಯದು.

ಆಡುವವನ ತಿಳಿವು ಬೇರೆ, ಪಾತ್ರದ ತಿಳಿವು ಬೇರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎದುರಿಸಿದ್ದೂ ಇದೇ ತೊಡಕನ್ನು. ಅದೂ ಕೂತು ಮಾತಿನಲ್ಲೇ ಕಟ್ಟುವ ಆಟ. ಕಥೆ ನಡೆಸುವವರು ಒಬ್ಬರು, ಪಾತ್ರ ವಹಿಸುವವರು ಹಲವರು, ಜೊತೆಗೆ ದಾಳ. ಅದರಲ್ಲಿ ಮಾಯೆಯನ್ನು ಪತ್ತೆಹಚ್ಚುವ ‘ಡಿಟೆಕ್ಟ್ ಮ್ಯಾಜಿಕ್’ ಮೊದಲ ಹಂತದ ಮಂತ್ರ. ಹೊಸ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ ದಕ್ಕುತ್ತಿದ್ದ ಕಾಲ ಅದು. ಶತ್ರುಗಳನ್ನು ಮಲಗಿಸುವ ಮಂತ್ರ ಬಿಟ್ಟು ಇದನ್ನು ಆರಿಸಿಕೊಳ್ಳಲು ಎದೆಗಾರಿಕೆ ಬೇಕಿತ್ತು. 1978ರ ಆಟಗಾರರ ಕೈಪಿಡಿ ಈ ಮಂತ್ರದ ದೃಷ್ಟಿಗೆ ಗಡಿ ಹಾಕಿತು: ಒಂದು ಅಡಿ ದಪ್ಪದ ಕಲ್ಲು, ಒಂದು ಅಂಗುಲ ಲೋಹ ಅಥವಾ ಮೂರು ಅಡಿ ಮರ ಅಡ್ಡ ಬಂದರೆ ಏನೂ ಕಾಣದು.

ನನ್ನ ಮಟ್ಟಿಗೆ ಇದರ ಅತ್ಯುತ್ತಮ ರೂಪ 2000ದ ಮೂರನೇ ಆವೃತ್ತಿಯದು. ಮಾಂತ್ರಿಕ ಏಕಾಗ್ರನಾಗಿ ನಿಂತರೆ ಮೊದಲ ಸುತ್ತಿನಲ್ಲಿ ಮಾಯೆ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಎರಡನೆಯದರಲ್ಲಿ ಎಷ್ಟು ಪ್ರಭೆಗಳಿವೆ, ಅತಿ ಪ್ರಬಲವಾದದ್ದರ ಬಲ ಎಷ್ಟು ಎಂಬುದು. ಮೂರನೆಯದರಲ್ಲಿ ಪ್ರತಿಯೊಂದರ ಬಲ ಮತ್ತು ಜಾಗ. ಎಂಟು ಮಾಂತ್ರಿಕ ಶಾಖೆಗಳಲ್ಲಿ ಯಾವುದಕ್ಕೆ ಸೇರಿದ್ದು ಎಂದರಿಯಲು ಮತ್ತೆ ದಾಳ ಎಸೆಯಬೇಕು. ಸುತ್ತಿನಿಂದ ಸುತ್ತಿಗೆ ಆತಂಕ ಏರುತ್ತದೆ. ಒಳ್ಳೆಯ ಅರ್ಥಧಾರಿ ಪ್ರಶ್ನೆಯ ಮೇಲೆ ಪ್ರಶ್ನೆ ಪೋಣಿಸುವುದೂ ಹೀಗೆಯೇ.

2008ರ ನಾಲ್ಕನೇ ಆವೃತ್ತಿ ಇದನ್ನು ಮಂತ್ರವಾಗಿ ಉಳಿಸದೆ ವಿದ್ಯಾಕೌಶಲವೊಂದರ ಭಾಗವಾಗಿಸಿತು. 2009ರಲ್ಲಿ ಬಂದ ಇದೇ ಬಗೆಯ ಮತ್ತೊಂದು ಆಟ ‘ಪಾತ್‌ಫೈಂಡರ್’ ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದೆಂದಿತು. ಪ್ರತಿ ಬಾಗಿಲಿಗೂ ಮಂತ್ರ ಹಾಕುತ್ತ ಹೋದರೆ ಅನುಮಾನಕ್ಕೆ ಬೆಲೆಯೇ ಇರುವುದಿಲ್ಲ. ಈ ಔದಾರ್ಯ ನನಗೆ ಒಪ್ಪಿಗೆಯಿಲ್ಲ. 2014ರ ಐದನೇ ಆವೃತ್ತಿ ಬೇರೆ ಹಾದಿ ಹಿಡಿಯಿತು. 30 ಅಡಿ ದೂರದೊಳಗಿನ ಮಾಯೆ 10 ನಿಮಿಷದವರೆಗೆ ಅರಿವಿಗೆ ಬರುತ್ತದೆ. ಶಕ್ತಿ ವ್ಯಯಿಸದೆ ವಿಧಿಯಾಗಿಯೂ ನಡೆಸಬಹುದು, ಆದರೆ ಅದಕ್ಕೆ ಇನ್ನೂ 10 ನಿಮಿಷ ಬೇಕು. ಬೆಲೆ ಈಗ ಕಾಲದ್ದು.

ಪತ್ತೆಯ ಜೊತೆಗೇ ಮರೆಸುವ ವಿದ್ಯೆಯೂ ಬೆಳೆಯಿತು. 1978ರಲ್ಲಿ ‘ನಿಸ್ಟಲ್ಸ್ ಮ್ಯಾಜಿಕ್ ಔರಾ’ ಬರಿಯ ವಸ್ತುವಿಗೆ ಮಾಯೆಯ ಪ್ರಭೆ ಕೊಡುತ್ತಿತ್ತು. 2003ರ ಹೊತ್ತಿಗೆ ಅದು ಮಾಯಾವಸ್ತುವನ್ನು ಬರಿಯದೆಂದು ತೋರಿಸಲೂ ಕಲಿತಿತ್ತು. 2014ರಲ್ಲಿ ವಸ್ತುಗಳಷ್ಟೇ ಅಲ್ಲ, ಜೀವಿಗಳೂ ಅದರ ವ್ಯಾಪ್ತಿಗೆ ಬಂದವು. ಒಮ್ಮೆ ಹಾಕಿದರೆ 24 ಗಂಟೆ. 30 ದಿನ ಬಿಡದೆ ಹಾಕಿದರೆ ಯಾರಾದರೂ ಪ್ರತಿಮಂತ್ರದಿಂದ ತೆಗೆಯುವವರೆಗೂ ಆ ಸುಳ್ಳು ನಿಲ್ಲುತ್ತದೆ. ಹೀಗೆ ಮರೆಸಿಕೊಂಡವರ ಎದುರು ಪತ್ತೆಯ ಮಂತ್ರ ಸಾಲದು. ಆಟಗಾರ ಮತ್ತೆ ಮಾತಿಗೇ ಇಳಿಯಬೇಕು: ಎಲ್ಲಿಂದ ಬಂದೆ, ನಿನ್ನವರು ಯಾರು?